ಕೊಳಲಿನ ಪಾಲನೆ: ಸಿರಸಂಗಿ ಪರಿಸರದ ಹಿನ್ನೆಲೆಯಲ್ಲಿ

ಜನಪದ ವಾದ್ಯಗಳ ಅಧ್ಯಯನದಲ್ಲಿ ನುಡಿಸುವ ಕ್ರಮಕ್ಕೆ ದೊರೆತ ಗಮನ ಅವುಗಳ ಪಾಲನೆಗೆ ದೊರೆತಿಲ್ಲ. ಕಾಳಿಕಾದೇವಿಯ ಕ್ಷೇತ್ರವಾದ ಸಿರಸಂಗಿ ಸವದತ್ತಿ ತಾಲ್ಲೂಕಿನ ಬಯಲುಸೀಮೆಯಲ್ಲಿದೆ. ಇಲ್ಲಿನ ಬೇಸಿಗೆಯ ಒಣಹವೆ ಬಿದಿರಿನ ಕೊಳಲಿಗೆ ಒಗ್ಗದು. ನುಡಿಸುವಾಗ ಉಸಿರಿನ ತೇವದಿಂದ ಒಳಮೈ ಹಿಗ್ಗುತ್ತದೆ. ಹೊರಮೈ ಒಣಗಿಯೇ ಇರುತ್ತದೆ. ಈ ಅಸಮತೆಯಿಂದ ಬಿದಿರು ನಾರಿನಗುಂಟ ಸೀಳುತ್ತದೆ. ಗಾಳಿ ಸೋರಿ ನಾದ ಕೆಡುತ್ತದೆ. ಆದ್ದರಿಂದ ನುಡಿಸಿದ ಬಳಿಕ ಕಡ್ಡಿಗೆ ಮೆತ್ತನೆಯ ಅರಿವೆ ಸುತ್ತಿ ಒಳಗಿನ ತೇವವನ್ನು ತೆಗೆಯಬೇಕು. ಆಗಾಗ ತೆಳುವಾಗಿ ಎಣ್ಣೆ ಸವರಬೇಕು. ಬಿಸಿಲು ಹಾಗೂ ಒಲೆಯ ಕಾವಿನಿಂದ ದೂರವಿಡಬೇಕು. ಬಿಗಿಯಾಗಿ ಸುತ್ತಿದ ದಾರವು ಸೀಳು ಬೆಳೆಯದಂತೆ ತಡೆಯುತ್ತದೆ. ರಂಧ್ರಗಳ ಅಂಚನ್ನು ಕೆರೆಯಬಾರದು. ಅಂಚು ಸವೆದರೆ ಶ್ರುತಿ ಬದಲಾಗುತ್ತದೆ. ಒಡೆದ ಕೊಳಲಿಗೆ ಬದಲು ಇನ್ನೊಂದು ದೊರೆತೀತು. ಕಲಾವಿದನ ಬೆರಳಿಗೂ ಉಸಿರಿಗೂ ಪಳಗಿದ ನಾದ ಅದರಲ್ಲಿರದು. ವಸ್ತುಸಂಗ್ರಹಾಲಯಗಳು ವಾದ್ಯದೊಡನೆ ಈ ಪಾಲನಾಕ್ರಮವನ್ನೂ ದಾಖಲಿಸುವುದು ಅಗತ್ಯ.