ಸಾಮೆ ಕಾಳಿನೊಳಗೆ ಬಂದ ವಿಷ



ಹೈದರಾಬಾದಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆ, ಅಂದರೆ ಎನ್‌ಐಎನ್, ಹುಟ್ಟಿದ್ದು 1918ರಲ್ಲಿ, ಕೂನೂರಿನಲ್ಲಿ. ಬ್ರಿಟಿಷ್ ವೈದ್ಯ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಬೆರಿಬೆರಿ ರೋಗದ ತನಿಖೆಗೆಂದು ಶುರುಮಾಡಿದ ಪುಟ್ಟ ಪ್ರಯೋಗಾಲಯವದು. 1958ರಲ್ಲಿ ಹೈದರಾಬಾದಿಗೆ ಬಂತು.

1970ರ ದಶಕದಲ್ಲಿ ಇಂದಿನ ಛತ್ತೀಸ್‌ಗಢದ ಸರ್ಗುಜಾ ಜಿಲ್ಲೆಯ ಬಡ ಹಳ್ಳಿಗರಿಗೆ ಇದ್ದಕ್ಕಿದ್ದಂತೆ ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಕೈಕಾಲು ಸೊರಗಿ, ಹೊಟ್ಟೆ ಮಾತ್ರ ಊದುವ ಜಲೋದರ. ದೆಹಲಿಯ ಏಮ್ಸ್ ವೈದ್ಯರು 1976ರಲ್ಲಿ ವರದಿ ಮಾಡಿದಂತೆ 67 ರೋಗಿಗಳಲ್ಲಿ 28 ಮಂದಿ ತೀರಿಕೊಂಡರು. ಎನ್‌ಐಎನ್ ತಂಡವೂ ಇದರ ಬೆನ್ನು ಹತ್ತಿತು. ಅಲ್ಲಿನವರು ಉಣ್ಣುತ್ತಿದ್ದುದು ಗೋಂದ್ಲಿ, ನಮ್ಮ ಸಾಮೆ. ಉತ್ತರ ಕರ್ನಾಟಕದವರಿಗೆ ಸಾವಿ. ಆ ಕಾಳಿನೊಳಗೆ ಕಳೆಗಿಡವೊಂದರ ಬೀಜ ಬೆರೆತಿತ್ತು. ತಪ್ಪಿತಸ್ಥ ಕ್ರೊಟಲೇರಿಯಾ ಎಂಬ ಕುಲದ ಗಿಡ. ಅದರ ಒಣಕಾಯಿ ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಿಗಿಲಿ ಎನ್ನುತ್ತದೆ. ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಅಪ್ಸೆಣಬೂ ಇದೇ ಕುಲದ್ದು.

ಬೀಜದಲ್ಲಿರುವುದು ಪೈರೊಲಿಜಿಡಿನ್ ಆಲ್ಕಲಾಯ್ಡ್. ಇದರ ಕೆಲಸ ವಿಚಿತ್ರ: ಹೊಟ್ಟೆಗೆ ಹೋದಾಗ ಅದು ಅಷ್ಟೇನೂ ಉಗ್ರವಲ್ಲ. ವಿಷವನ್ನು ಕಳೆಯಬೇಕಾದ ಪಿತ್ತಜನಕಾಂಗವೇ ಅದನ್ನು ಉಗ್ರ ರೂಪಕ್ಕೆ ತಿರುಗಿಸುತ್ತದೆ. ಆಗ ಪಿತ್ತಜನಕಾಂಗದೊಳಗಿನ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ, ರಕ್ತ ಹಿಂದಕ್ಕೆ ಒತ್ತುತ್ತದೆ, ಹೊಟ್ಟೆಗೆ ನೀರು ಜಿನುಗುತ್ತದೆ. ಅನ್ನ ಮಾಡಿದರೂ ಅಂಬಲಿ ಕಾಯಿಸಿದರೂ ಈ ವಿಷ ಸಾಯುವುದಿಲ್ಲ. ಹಸಿದವರು ಉಣ್ಣಲೇಬೇಕಾದ ಕಾಳಿನಲ್ಲೇ ಇದು ಕೂತಿತ್ತಲ್ಲ, ಅದೇ ಹೆಚ್ಚು ಸಂಕಟದ ಸಂಗತಿ.

ಅದೇ ಹೊತ್ತಿಗೆ ಅಫ್ಘಾನಿಸ್ತಾನದ ಹೆರಾತ್ ಪ್ರಾಂತ್ಯದಲ್ಲೂ ಇದೇ ಕಾಯಿಲೆ ಹಬ್ಬಿತ್ತು. ಅಲ್ಲಿ ಗೋಧಿಗೆ ಬೆರೆತದ್ದು ಹೆಲಿಯೊಟ್ರೋಪಿಯಂ ಬೀಜ. ನಮ್ಮ ಚೇಳುಕೊಂಡಿ ಗಿಡ ಆ ಗಿಡದ ಹತ್ತಿರದ ನೆಂಟ. ಸರ್ಗುಜಾ, ಹೆರಾತ್ ಎರಡರ ವರದಿಯೂ ‘ಲ್ಯಾನ್ಸೆಟ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು.

ಚಿಟ್ಟೆಗಳಿಗೆ ಮಾತ್ರ ಈ ವಿಷ ಬೇಕೇ ಬೇಕು! ಮಳೆಗಾಲ ಮುಗಿಯುವ ಹೊತ್ತಿಗೆ ದಖ್ಖನ್‌ನ ಬಯಲಿನಲ್ಲಿ ಬಾಡಿದ ಕ್ರೊಟಲೇರಿಯಾ ಗಿಡವನ್ನು ಗಮನಿಸಿ. ನೀಲಿ ಪಟ್ಟೆಯ ಬ್ಲೂ ಟೈಗರ್ ಚಿಟ್ಟೆಗಳು ಕಾಂಡಕ್ಕೆ ಸೊಂಡಿಲು ಒತ್ತಿ ಕೂತಿರುತ್ತವೆ, ಹೆಚ್ಚಿನವು ಗಂಡು. ಹೀರಿದ ಆಲ್ಕಲಾಯ್ಡಿನಿಂದ ಹೆಣ್ಣನ್ನು ಸೆಳೆಯುವ ಪರಿಮಳ ತಯಾರಾಗುತ್ತದೆ. ತಿನ್ನಬಂದ ಶತ್ರುವಿಗೆ ಅದೇ ಕಹಿ.

ಗಿಡದ ವಿಷ ಹಬ್ಬದ ಮನೆಗೂ ಬರುತ್ತದೆ: ಹೈದರಾಬಾದಿನ ತೆಲುಗು ಮನೆಗಳಲ್ಲಿ ಗಣೇಶನ ಹಬ್ಬಕ್ಕೆ ಏರಿಸುವ 21 ಪತ್ರೆಗಳಲ್ಲಿ ಉಮ್ಮತ್ತಿಯೂ ಒಂದು. ಅದರಲ್ಲಿ ಅಟ್ರೋಪಿನ್, ಸ್ಕೊಪೊಲಮಿನ್ ಇವೆ. ಬೀಜ ಮಕ್ಕಳ ಬಾಯಿಗೆ ಹೋದರೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಭ್ರಮೆ ಹತ್ತುತ್ತದೆ. ಹಬ್ಬದ ದಿನ ಪತ್ರೆಯ ಕಟ್ಟು ಮಕ್ಕಳ ಕೈಗೆ ಸಿಗದಂತೆ ಇಡಿ. ಇದೇ ಅಟ್ರೋಪಿನ್ ಕೆಲವು ಬಗೆಯ ಕೀಟನಾಶಕ ಕುಡಿದವರನ್ನು ಬದುಕಿಸಲು ಆಸ್ಪತ್ರೆಯಲ್ಲಿ ಕೊಡುವ ಚುಚ್ಚುಮದ್ದು ಕೂಡ.

ಪೈರೊಲಿಜಿಡಿನ್ ವಿಷ ಆಹಾರಕ್ಕೆ ಸೇರದಂತೆ ತಡೆಯಲು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಆಯೋಗ 2014ರಲ್ಲಿ ನಿಯಮಾವಳಿ ತಂದಿತು. ಅದು ಪೂರ್ತಿ ಕಳೆ ನಿರ್ವಹಣೆಯ ಕುರಿತದ್ದು: ಹೊಲದಲ್ಲಿ ಕಳೆ ಬೀಜ ಕಟ್ಟುವ ಮುಂಚೆಯೇ ಅದನ್ನು ತೆಗೆಯಬೇಕು.