ಕ್ರಿಪ್ಟೋ ಆಸ್ತಿಯೂ ಕಾನೂನಿನ ಕಾವಲೂ

ದುಡಿದು ಗಳಿಸಿದ ಹಣ ಭದ್ರವಾದ ಎಡೆಯಲ್ಲಿರಬೇಕೆಂಬುದು ಪ್ರತಿಯೊಂದು ಕುಟುಂಬದ ಬಯಕೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಅಡಿಕೆ, ತೆಂಗುಗಳ ಆದಾಯದೊಂದಿಗೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರ ಸಂಪಾದನೆಯೂ ಅನೇಕ ಮನೆಗಳಿಗೆ ಆಧಾರವಾಗಿದೆ. ಇಂತಹ ಉಳಿತಾಯವನ್ನು ಈಗ ‘ಕ್ರಿಪ್ಟೋ’ ಎಂಬ ನೂತನ ಆಸ್ತಿಯು ಸೆಳೆಯುತ್ತಿದೆ. ಕಾನೂನು ಅದನ್ನು ಹೇಗೆ ಕಾಣುತ್ತದೆಂಬುದನ್ನು ಹಿರಿಯರೂ ಕಿರಿಯರೂ ಅರಿತಿರುವುದು ಲೇಸು.

ಈ ಬಗೆಯ ನಾಣ್ಯಗಳಲ್ಲಿ ಪ್ರಸಿದ್ಧವಾದ ಬಿಟ್‌ಕಾಯಿನ್ 2009ರಲ್ಲಿ ಆರಂಭವಾಯಿತು. ಇದನ್ನು ಯಾವ ಸರಕಾರವೂ ಟಂಕಿಸುವುದಿಲ್ಲ. ಇದರ ಲೆಕ್ಕದ ಪುಸ್ತಕವು ಒಂದು ಬ್ಯಾಂಕಿನಲ್ಲಿರದೆ, ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುತ್ತದೆ. ಇದರ ಬೆಲೆಯಾದರೋ ಕೊಳ್ಳುವವರ ಉತ್ಸಾಹವನ್ನನುಸರಿಸಿ ಏರಿಳಿಯುತ್ತದೆ.

2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಈ ವ್ಯಾಪಾರಕ್ಕೆ ಸೇವೆ ಸಲ್ಲಿಸಕೂಡದೆಂದು ಬ್ಯಾಂಕುಗಳಿಗೆ ಆಜ್ಞಾಪಿಸಿತು. 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು. 2022ರಲ್ಲಿ ಸರಕಾರವು ಇಂತಹ ಆಸ್ತಿಯ ಲಾಭಕ್ಕೆ ಶೇಕಡಾ 30ರ ತೆರಿಗೆಯನ್ನು ವಿಧಿಸಿತು; ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ. 2023ರ ಮಾರ್ಚ್‌ನಲ್ಲಿ ಹಣದ ಅಕ್ರಮ ವರ್ಗಾವಣೆಯನ್ನು ತಡೆಯುವ ಕಾಯಿದೆಯ ವ್ಯಾಪ್ತಿಗೆ ಈ ವ್ಯಾಪಾರವನ್ನೂ ತರಲಾಯಿತು. ಅಂದಿನಿಂದ ವಿನಿಮಯ ಕೇಂದ್ರಗಳು ಗ್ರಾಹಕರ ಗುರುತನ್ನು ಪರಿಶೀಲಿಸಿ ದಾಖಲೆಗಳನ್ನಿಡಬೇಕಾಗಿದೆ.

‘ಸರಕಾರ ತೆರಿಗೆ ಪಡೆಯುತ್ತದೆ, ಆದುದರಿಂದ ಹಣಕ್ಕೆ ಸರಕಾರದ ರಕ್ಷಣೆಯಿದೆ’ ಎಂದು ಹಲವರು ಭಾವಿಸುತ್ತಾರೆ. ಇದು ಸರಿಯಲ್ಲ. ತೆರಿಗೆ ಬೇರೆ, ರಕ್ಷಣೆ ಬೇರೆ. ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ 5 ಲಕ್ಷ ರೂಪಾಯಿಗಳವರೆಗೆ ವಿಮೆಯಿದೆ. ಚಿಟ್ಟಿ ನಡೆಸುವವರು 1982ರ ಕಾಯಿದೆಯಂತೆ ನೋಂದಣಿ ಮಾಡಿಸಿ ಜಾಮೀನು ಒದಗಿಸಬೇಕು. ಕ್ರಿಪ್ಟೋ ಆಸ್ತಿಗೆ ಇಂತಹ ವಿಮೆಯೂ ಇಲ್ಲ, ಜಾಮೀನೂ ಇಲ್ಲ. 2024ರ ಜುಲೈಯಲ್ಲಿ ‘ವಜೀರ್‌ಎಕ್ಸ್’ ಎಂಬ ಭಾರತೀಯ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರುಗಳ ಆಸ್ತಿ ಕಳವಾಯಿತು. ಅದರ ಇತ್ಯರ್ಥ ಸಿಂಗಾಪುರದ ನ್ಯಾಯಾಲಯದಲ್ಲಿ ನಡೆಯಿತು. ಗ್ರಾಹಕರು ವರ್ಷಕ್ಕೂ ಮೇಲ್ಪಟ್ಟು ಕಾಯಬೇಕಾಯಿತು.

ನಾಣ್ಯದ ಹೆಸರಿನಲ್ಲಿ ನಡೆಯುವ ವಂಚನೆ ಇನ್ನೂ ಅಪಾಯಕರ. ಕೇರಳದಲ್ಲಿಯೇ ‘ಮೋರಿಸ್ ಕಾಯಿನ್’ ಎಂಬ ಹೆಸರಿನಲ್ಲಿ ಹಣ ಸಂಗ್ರಹಿಸಿದ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯವು 2022ರಲ್ಲಿ ಆಸ್ತಿಗಳನ್ನು ಮುಟ್ಟುಗೋಲು ಹಾಕಿತು. ಅನುಮತಿಯಿಲ್ಲದೆ ಜನರಿಂದ ಠೇವಣಿ ಸಂಗ್ರಹಿಸುವುದನ್ನು 2019ರ ಕಾಯಿದೆಯು ನಿಷೇಧಿಸಿದೆ.

ಇತರ ದೇಶಗಳೂ ಈ ವಿಷಯದಲ್ಲಿ ಎಚ್ಚತ್ತಿವೆ. ನಮ್ಮವರು ಅನೇಕರಿರುವ ದುಬೈಯಲ್ಲಿ 2022ರಲ್ಲಿ ಇದಕ್ಕಾಗಿಯೇ ಒಂದು ಪ್ರಾಧಿಕಾರ ಸ್ಥಾಪನೆಯಾಯಿತು. ಐರೋಪ್ಯ ಒಕ್ಕೂಟದ ಸಮಗ್ರ ಕಾನೂನು 2024ರ ಅಂತ್ಯದಲ್ಲಿ ಪೂರ್ಣವಾಗಿ ಜಾರಿಗೆ ಬಂದಿತು.

ಆದುದರಿಂದ ಹಣ ಕೊಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಈ ಸಂಸ್ಥೆ ಎಲ್ಲಿ ನೋಂದಾಯಿತವಾಗಿದೆ? ಹಣ ಕಳೆದರೆ ತುಂಬಿಕೊಡುವವರಾರು? ನಿಶ್ಚಿತ ಲಾಭದ ಭರವಸೆಗೆ ಆಧಾರವೇನು? ಮೋಸವಾದುದು ತಿಳಿದೊಡನೆ 1930 ಸಂಖ್ಯೆಗೆ ದೂರವಾಣಿ ಮಾಡಬೇಕು. ಇಂಗ್ಲಿಷಿನಲ್ಲಿರುವ ಕರಾರುಗಳನ್ನು ವಿದ್ಯಾರ್ಥಿಗಳು ಓದಿ, ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಸಿದರೆ ಅದೂ ವಿದ್ಯೆಯ ಸದುಪಯೋಗವೇ ಸರಿ.