ನಾಯಿಯ ಹೊಟ್ಟೆಗೆ ಏಳು ದಿನದ ವಾಯಿದೆ

ಮನೆಗೆ ಹೊಸದಾಗಿ ಬಂದ ನಾಯಿಮರಿಗೆ ಸಲ್ಲುವ ಉಪಚಾರ ಅಳಿಯನಿಗೆ ಸಲ್ಲುವುದೂ ಅಪರೂಪ. ಮಕ್ಕಳು ಬಿಸ್ಕತ್ತು ತಿನ್ನಿಸುತ್ತಾರೆ. ಅಜ್ಜಿ ಬಟ್ಟಲು ತುಂಬ ಹಾಲೆರೆಯುತ್ತಾರೆ. ಯಜಮಾನರು ಅಂಗಡಿಯಿಂದ ಬೆಲೆಬಾಳುವ ಆಹಾರದ ಪೊಟ್ಟಣವನ್ನೇ ಹೊತ್ತು ತರುತ್ತಾರೆ. ಎರಡನೆಯ ದಿನ ಮರಿಗೆ ಭೇದಿ ಹಿಡಿಯುತ್ತದೆ. ಪೊಟ್ಟಣದ ಆಹಾರ ಕೆಟ್ಟಿರಬೇಕೆಂದು ಮನೆಮಂದಿಯೆಲ್ಲ ಶಂಕಿಸುತ್ತಾರೆ. ಅನೇಕ ವೇಳೆ ಆಹಾರ ಒಳ್ಳೆಯದೇ ಆಗಿರುತ್ತದೆ. ಅದನ್ನು ಕೊಟ್ಟ ಆತುರವೇ ಅನರ್ಥಕ್ಕೆ ಕಾರಣ.

ದಿನವೂ ಒಂದೇ ಬಗೆಯ ಆಹಾರ ತಿನ್ನುವ ನಾಯಿಯ ಕರುಳಿನಲ್ಲಿ ನೆಲೆಸಿರುವ ಕೋಟ್ಯಂತರ ಸೂಕ್ಷ್ಮಜೀವಿಗಳೂ, ಅಲ್ಲಿ ಒಸರುವ ಜೀರ್ಣರಸಗಳೂ ಆ ಆಹಾರಕ್ಕೆ ಹೊಂದಿಕೊಂಡಿರುತ್ತವೆ. ಕೊಬ್ಬು, ನಾರು, ಸಸಾರಜನಕಗಳ ಪ್ರಮಾಣ ಒಮ್ಮೆಗೇ ಬದಲಾದರೆ, ಅರಗದೆ ಉಳಿದ ಅಂಶ ದೊಡ್ಡ ಕರುಳಿಗೆ ಇಳಿದು, ನೀರನ್ನು ತನ್ನತ್ತ ಸೆಳೆದುಕೊಂಡು, ಹುಳಿಯೇರಿ ವಾಯುವನ್ನೆಬ್ಬಿಸುತ್ತದೆ. ಹೊಟ್ಟೆಯ ಗುಡುಗುಡು ಸದ್ದೂ, ನೀರಾದ ಮಲವೂ ಇದರ ಫಲ. ಹಾಲಿನದೂ ಇಂಥದೇ ಕಥೆ. ತಾಯಿಯ ಮೊಲೆ ಬಿಟ್ಟ ಮರಿಯಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಕ್ರಮೇಣ ಕುಗ್ಗುತ್ತದೆ.

ಹಾಗೆಂದು ನಾಯಿ ಹೊಸ ಆಹಾರಕ್ಕೆ ಒಗ್ಗದ ಪ್ರಾಣಿಯೇನೂ ಅಲ್ಲ. ತೋಳದ ವಂಶದಲ್ಲಿ ಹುಟ್ಟಿ, ಮನುಷ್ಯನ ಬೆನ್ನು ಹತ್ತಿ, ಅವನ ಅನ್ನ ರೊಟ್ಟಿಗಳಿಗೆ ಹೊಂದಿಕೊಂಡ ಜೀವ ಅದು. 2013ರಲ್ಲಿ ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು ಪ್ರಕಟಿಸಿದ ಸಂಶೋಧನೆಯಂತೆ, ಪಿಷ್ಟವನ್ನು ಅರಗಿಸಲು ನೆರವಾಗುವ ಒಂದು ವಂಶವಾಹಿಯ ಪ್ರತಿಗಳು ತೋಳದಲ್ಲಿ 2. ನಾಯಿಗಳಲ್ಲಿ 4ರಿಂದ 30ರವರೆಗೆ. ಆ ಮಾರ್ಪಾಟಿಗೆ ಸಾವಿರಾರು ವರ್ಷಗಳು ಹಿಡಿದವು. ಮನೆಗೆ ಬಂದ ಮರಿ ಬೇಡುವುದು ಒಂದು ವಾರವನ್ನು ಮಾತ್ರ.

ಕ್ರಮ ಸುಲಭವಾದುದು. ಮರಿಯನ್ನು ತರುವಾಗಲೇ ಅದು ಅಲ್ಲಿ ಏನು ತಿನ್ನುತ್ತಿತ್ತೆಂದು ಕೇಳಿಕೊಂಡು ಬಂದು, ಮೊದಲ ಕೆಲವು ದಿನ ಅದನ್ನೇ ಕೊಡತಕ್ಕದ್ದು. ಬದಲಾವಣೆಯ ಮೊದಲೆರಡು ದಿನ ಮುಕ್ಕಾಲು ಪಾಲು ಹಳೆಯ ಆಹಾರ, ಕಾಲು ಪಾಲು ಹೊಸತು. ಮುಂದಿನೆರಡು ದಿನ ಸಮಪಾಲು. ಆಮೇಲೆರಡು ದಿನ ಹೊಸತೇ ಮುಕ್ಕಾಲು. ಏಳನೆಯ ದಿನ ಪೂರ್ತಿ ಹೊಸತು. ನಡುವೆ ಮಲ ಸಡಿಲವಾದರೆ ಒಂದು ಹೆಜ್ಜೆ ಹಿಂದೆ ಸರಿದು ಎರಡು ದಿನ ತಾಳಬೇಕು.

ಹೊಟ್ಟೆ ಕೆಟ್ಟ ನಾಯಿಗೆ ಶುದ್ಧವಾದ ನೀರು ಸದಾ ಸಿಗುವಂತಿರಬೇಕು. ಮೆತ್ತಗೆ ಬೆಂದ ಅನ್ನಕ್ಕೆ ಮೂಳೆಯಿಲ್ಲದ ಬೇಯಿಸಿದ ಕೋಳಿಮಾಂಸ ಬೆರೆಸಿ, ಉಪ್ಪು, ಎಣ್ಣೆ, ಮಸಾಲೆಗಳಿಲ್ಲದೆ, ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ದ್ರಾಕ್ಷಿ, ಚಾಕೊಲೇಟುಗಳು ವಿಷ. ಮನುಷ್ಯರ ನೋವಿನ ಮಾತ್ರೆಗಳು ಪ್ರಾಣಕ್ಕೇ ಎರವಾಗಬಲ್ಲವು.

ಆದರೆ ಎಲ್ಲ ಭೇದಿಯೂ ಊಟದ ಬದಲಾವಣೆಯದಲ್ಲ. ವಾಂತಿಯೊಡನೆ ರಕ್ತಭೇದಿ ಕಂಡರೆ, ಅದರಲ್ಲಿಯೂ ಚುಚ್ಚುಮದ್ದು ಪೂರ್ತಿಯಾಗದ ಮರಿಯಲ್ಲಿ, 1978ರಲ್ಲಿ ಗುರುತಿಸಲ್ಪಟ್ಟ ಪಾರ್ವೋ ಎಂಬ ಮಾರಕ ಸೋಂಕನ್ನು ಶಂಕಿಸಬೇಕು. ಎಳೆಯ ದೇಹದ ನೀರು ಬಹುಬೇಗ ಬತ್ತುತ್ತದೆ. ಒಸಡು ಒಣಗಿದ್ದರೆ, ಹೆಗಲಿನ ಮೇಲಿನ ಚರ್ಮವನ್ನು ಎತ್ತಿ ಬಿಟ್ಟಾಗ ಅದು ಕೂಡಲೇ ಹಿಂದಕ್ಕೆ ಸರಿಯದಿದ್ದರೆ, ಬೆಳಗಾಗಲೆಂದು ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಬೆಳೆದ ನಾಯಿಯಾದರೂ ಭೇದಿ ಒಂದೆರಡು ದಿನದಲ್ಲಿ ನಿಲ್ಲದಿದ್ದರೆ ತಡಮಾಡಬಾರದು. ಯಾವ ದಿನ ಏನೇನು ಕೊಟ್ಟಿತ್ತೆಂಬುದನ್ನು ಬರೆದುಕೊಂಡು ಹೋಗುವುದು ಲೇಸು. ಮೂಕಪ್ರಾಣಿಯ ಪರವಾಗಿ ಹೇಳಬೇಕಾದವರು ಮನೆಯವರೇ.